ನಾರು ಸುತ್ತುತ್ತಿದ್ದ ಆಯಿ

1952ರ ಬೇಸಿಗೆಯಲ್ಲಿ, ಮನೋಳಿ ಸಮೀಪದ ಹಳ್ಳಿಯೊಂದರಲ್ಲಿ, ನನ್ನ ಎಡಗಾಲಿನ ಹುಣ್ಣಿನಿಂದ ನಾರುಹುಳದ ಬಿಳಿಯ ತುದಿ ಹೊರಬಂತು. ಅದನ್ನು ತೊಗರಿ ಕಡ್ಡಿಗೆ ಸುತ್ತಿ, ದಿನಕ್ಕೆ ಎರಡು ಬೆರಳಿನಷ್ಟೇ ಎಳೆದು, ಹತ್ತೊಂಬತ್ತು ದಿನಗಳಲ್ಲಿ ಪೂರ್ತಿ ತೆಗೆದವರು ಪಕ್ಕದ ಮನೆಯ ಮುದುಕಿ. ಊರೆಲ್ಲ ಅವರನ್ನು ಆಯಿ ಎನ್ನುತ್ತಿತ್ತು. ನಾನು ಹಿಂದಿನ ವರ್ಷವಷ್ಟೇ ಅಲ್ಲಿನ ಶಾಲೆಗೆ ಮಾಸ್ತರನಾಗಿ ಬಂದಿದ್ದೆ.

“ಜಗ್ಗಬ್ಯಾಡ್ರಿ ಮಾಸ್ತರ. ಒಳಗ ಹರದರ ಕಾಲ ಬಾತು ಕುಂಡ್ರತೀರಿ.”

ಕಡ್ಡಿಗಳ ಕಟ್ಟು ಅವರ ಮನೆಯ ಜಂತಿಯಲ್ಲಿ ಸಿಕ್ಕಿಸಿರುತ್ತಿತ್ತು. ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಎಳೆಯುವ ಮೊದಲು ಆಯಿ ರೋಗಿಯನ್ನು ಊರಿನ ಮೆಟ್ಟಿಲು ಬಾವಿಗೆ ಇಳಿಸಿ, ಹುಣ್ಣನ್ನು ನೀರಿನಲ್ಲಿ ಮುಳುಗಿಸುತ್ತಿದ್ದರು. ಉರಿ ಇಳಿಯುತ್ತಿತ್ತು, ಹುಳ ಸಡಿಲಾಗುತ್ತಿತ್ತು. ಊರು ಕುಡಿಯುತ್ತಿದ್ದುದೂ ಅದೇ ನೀರು.

ಮಳೆಗೆ ಮುಂಚೆ ಸವದತ್ತಿಯಿಂದ ಆರೋಗ್ಯ ಇನ್ಸ್‌ಪೆಕ್ಟರ್ ಬಂದರು. ಗಾಜಿನ ಲೋಟದಲ್ಲಿ ಬಾವಿಯ ನೀರು ಹಿಡಿದು, ಅದರಲ್ಲಿ ಕುಪ್ಪಳಿಸುವ ಚುಕ್ಕೆಯಂಥ ಜೀವಿಗಳನ್ನು ಭೂತಗನ್ನಡಿಯಲ್ಲಿ ತೋರಿಸಿದರು. ನೀರಿಗಿಳಿದ ಹುಣ್ಣಿನಿಂದ ಹುಳ ಮರಿ ಬಿಡುತ್ತದೆ, ಮರಿಯನ್ನು ಈ ಜೀವಿ ನುಂಗುತ್ತದೆ, ಆ ನೀರು ಕುಡಿದವರಿಗೆ ವರ್ಷದ ಮೇಲೆ ನಾರು ಏಳುತ್ತದೆ ಎಂದರು. ಮೆಟ್ಟಿಲು ಮುಚ್ಚಿ, ಹಗ್ಗದಿಂದ ಸೇದಿ, ಬಟ್ಟೆಯಲ್ಲಿ ಸೋಸಿ ಕುಡಿಯಬೇಕು.

ಹಿರಿಯರು ಒಪ್ಪಲಿಲ್ಲ. ಆಯಿ ಲೋಟವನ್ನೇ ಬಹಳ ಹೊತ್ತು ನೋಡಿದರು.

“ಹಂಗಾದ್ರ ಒಂದ ಕೈಲೆ ತಗದೇನಿ, ಇನ್ನೊಂದ ಕೈಲೆ ಬಿತ್ತೇನಿ. ಮುಚ್ಚರಿ ಮೆಟ್ಟಲಾ.”

“ನಾರು ಹೋದರ ನಿನಗೇನ ಕೆಲಸ, ಆಯಿ?” ಎಂದು ಗೌಡರು ನಕ್ಕರು.

“ರೊಟ್ಟಿ ಬಡೀತೇನಿ. ನೀ ಮೊದಲ ಕಲ್ಲ ತರಸು.”

ಆಯಿಯ ಮಾತಿಗೆ ಹಿರಿಯರು ಮಣಿದರು. ಮೆಟ್ಟಿಲು ಮುಚ್ಚಿತು, ಕಟ್ಟೆ ಎದ್ದಿತು. ಆದರೆ ಮರುವರ್ಷದ ಬೇಸಿಗೆಯಲ್ಲಿ ಮತ್ತೆ ನಾರು ಕಾಣಿಸಿತು. ಹಗ್ಗ ಎಳೆದು ಅಂಗೈ ಬೊಬ್ಬೆಯೆದ್ದ ಹೆಂಗಸರು ಆಯಿಯ ಬಾಗಿಲಿಗೆ ಬಂದರು.

“ನಿನ್ನ ಮಾತ ಕೇಳಿ ಕೈ ಸುಲದು ಹೋದುವು. ನಾರು ಹೋತೇನ?”

ಮೆಟ್ಟಿಲಿಗೆ ಮುಚ್ಚಿದ ಕಲ್ಲು ಒಡೆಸುವ ಮಾತೆದ್ದಾಗ ಆಯಿ ಹೋಗಿ ಬಾವಿಕಟ್ಟೆಯ ಮೇಲೆ ಕುಳಿತರು.

“ಇವು ಹ್ವಾದ ವರ್ಷ ಕುಡದ ನೀರಿನವು. ಇನ್ನೊಂದ ಬ್ಯಾಸಗಿ ತಡೀರಿ. ಆಗೂ ಎದ್ದರ ನಾನಽ ಕಬ್ಬಿಣದ ಹಾರಿ ಹಿಡದು ಒಡೀತೇನಿ.”

ಆ ವರ್ಷದ ರೋಗಿಗಳಿಗೆ ಮನೆಯಲ್ಲೇ ಒದ್ದೆ ಬಟ್ಟೆ ಸುತ್ತಿ ನಾರು ತೆಗೆದರು. ಯಾರನ್ನೂ ಬಾವಿಯ ಹತ್ತಿರ ಬಿಡಲಿಲ್ಲ.

1954ರ ಬೇಸಿಗೆಯಲ್ಲಿ ಅವರು ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಕುಳಿತು ನೀರಿಗೆ ಬರುವವರ ಕಾಲುಗಳನ್ನು ನೋಡುತ್ತಿದ್ದರು. ಮಳೆ ಬಂದ ದಿನ ಎದ್ದು ಮನೆಗೆ ಹೋದರು. ಒಬ್ಬರ ಕಾಲಲ್ಲೂ ಹುಣ್ಣಿರಲಿಲ್ಲ.

ನಾನು ರಾಮದುರ್ಗಕ್ಕೆ ವರ್ಗವಾದ ಎರಡು ವರ್ಷಕ್ಕೆ ಆಯಿ ತೀರಿಕೊಂಡರು. ಮಾತಾಡಿಸಲು ಹೋದಾಗ ಅವರ ಸೊಸೆ ನನಗೆ ಚಹಾ ಕಾಸಿದಳು. ಜಂತಿಯಲ್ಲಿದ್ದ ತೊಗರಿ ಕಡ್ಡಿಗಳ ಕಟ್ಟನ್ನು ಬಿಚ್ಚಿ ಒಲೆಗೆ ಹಾಕಿದಳು.