ಕೋಟು ತೆಗೆದ ಮೇಲೆ

ನನ್ನ ಮಗಳು ಆಶಾರಾಣಿ ಇಲ್ಲೇ ದಾವಣಗೆರೆಯಲ್ಲಿ ಚಿತ್ರದ ಕಾಲೇಜಿಗೆ ಹೋಗುತ್ತಾಳೆ. ಗ್ರಾಫಿಕ್ ಡಿಸೈನ್ ಅನ್ನುತ್ತಾರೆ. ಪೋಸ್ಟರು, ಅಂಗಡಿ ಬೋರ್ಡು, ಪಾಕೀಟಿನ ಮೇಲಿನ ಚಿತ್ರ, ಇಂಥವನ್ನು ಮಾಡುವ ಓದು. ನಾನು ಓದಿದ್ದು ಐದನೇ ಕ್ಲಾಸು. ಕಂಡಷ್ಟು ಬರೆಯುತ್ತೇನೆ.

ಹೋದ ವರ್ಷ ಅವಳಪ್ಪ ತೀರಿಕೊಂಡರು. ವೀರೇಶ್ ಅಂತ ಹೆಸರು. ಹರಿಹರಕ್ಕೂ ಇಲ್ಲಿಗೂ ಲಗೇಜ್ ಆಟೋ ಓಡಿಸುತ್ತಿದ್ದರು. ಮೈದುನ ಕೊಟ್ರೇಶ್ ಹರಿಹರದಲ್ಲಿ ಶ್ರದ್ಧಾಂಜಲಿ ಫ್ಲೆಕ್ಸ್ ಕಟ್ಟಿಸಿದ. ಫ್ಲೆಕ್ಸ್ ಅಂಗಡಿಯವರು ಆಧಾರ್ ಫೋಟೋದಿಂದ ಇವರ ತಲೆ ತೆಗೆದು ಯಾರದೋ ಕೋಟಿನ ಮೈಗೆ ಅಂಟಿಸಿದ್ದರು. ಎಲ್ಲರಿಗೂ ಹಾಗೇ ಮಾಡುತ್ತಾರೆ. ಹಿಂದೆ ಮೋಡ, ಪಾರಿವಾಳ. ಕೆಳಗೆ ನೆಂಟರ ಹೆಸರು, ಕೊಟ್ರೇಶನ ಫೋಟೋ. ಮನೆಯ ಗೋಡೆಗೂ ಆ ಕೋಟಿನ ಫೋಟೋವೇ ಬಂತು. ದಿನಾ ಹೂ ಹಾಕುತ್ತೇನೆ.

ಈ ಸಲ ಮೇಷ್ಟ್ರು, ಬೀದಿಯಲ್ಲಿ ದಿನಾ ಕಾಣುವುದೊಂದನ್ನು ಹೊಸದಾಗಿ ಮಾಡಿಕೊಂಡು ಬನ್ನಿ ಅಂದರಂತೆ. ಉಳಿದವರು ಬಸ್ಸಿನ ಬೋರ್ಡು, ಬಿಸ್ಕೆಟ್ ಪಾಕೀಟು ಹಿಡಿದರು. ಇವಳು ಶ್ರದ್ಧಾಂಜಲಿ ಫ್ಲೆಕ್ಸ್ ಹಿಡಿದಳು. ಅಪ್ಪನದೇ.

“ಬೇರೆ ಏನೂ ಸಿಗ್ಲಿಲ್ಲೇನೆ ನಿನಗೆ?” ಅಂದೆ.

“ಬೇರೆಯವರ ಅಪ್ಪಂದು ಹೆಂಗೆ ಮಾಡ್ಲಿ?” ಅಂದಳು.

ಅವಳು ಮೊದಲು ಕಂಪ್ಯೂಟರ್ ಮುಟ್ಟುವುದಿಲ್ಲ. ಬೆಂಕಿಪೊಟ್ಟಣದಷ್ಟು ಚೌಕ ಹಾಕಿ ಒಳಗೆ ಪೆನ್ಸಿಲ್ಲಿನಲ್ಲಿ ಗೀಚುತ್ತಾಳೆ. ಆಮೇಲೆ ದೊಡ್ಡದು ಬರೆದು ಬಟ್ಟೆ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕುತ್ತಾಳೆ. ನನ್ನ ಒದ್ದೆ ಸೀರೆ ಬಕೀಟಿನಲ್ಲೇ ಬಿದ್ದಿರುತ್ತದೆ. ಗೇಟಿನ ಹತ್ತಿರ ಹೋಗಿ ಕಣ್ಣು ಸಣ್ಣ ಮಾಡಿ ನೋಡುತ್ತಾಳೆ. ಆಟೋದಲ್ಲಿ ಹೋಗುವವರಿಗೆ ಹೀಗೇ ಕಾಣುವುದಂತೆ. ಬೇಡದ್ದನ್ನು ತೆಗೆಯುವುದೇ ದೊಡ್ಡ ಕೆಲಸ. ಮೋಡ ತೆಗೆದಳು. ಪಾರಿವಾಳ ತೆಗೆದಳು. ಹೆಸರುಗಳನ್ನೂ ತೆಗೆದಳು. ಕೊಟ್ರೇಶ್ ವಿನೋಬನಗರದ ನಮ್ಮ ಮನೆಗೆ ಬಂದವನು ನೋಡಿದ.

“ನನ್ನ ಫೋಟೋನೂ ಹಾರಿಸಿದ್ಯೇನವ್ವಾ?”

“ಸತ್ತೋರು ನೀವಲ್ಲಲ್ಲ ಚಿಕ್ಕಪ್ಪ.”

“ಕೋಟು ಯಾಕ ತೆಗೆದೆ? ಅಣ್ಣಂಗೆ ಒಪ್ಪೈತೆ. ಬದುಕಿದ್ದಾಗಂತೂ ಹಾಕ್ಲಿಲ್ಲ.”

“ಇದು ಅಪ್ಪ ಅಲ್ಲ. ಬ್ಯಾಂಕ್ ಮ್ಯಾನೇಜರು.”

ಕೋಟು ಹೋದ ಮೇಲೆ ಮುಖದ ಕೆಳಗೆ ಏನೂ ಉಳಿಯಲಿಲ್ಲ. ಫೋಟೋ ಅಂದರೆ ಅವರು ಕೈ ಅಡ್ಡ ಹಿಡಿಯುತ್ತಿದ್ದರು. ಮದುವೆಯದನ್ನು ಗೆದ್ದಲು ತಿಂದಿತ್ತು. ನೆನಪಿನಿಂದ ಬರೆದಳು. ಬರಲಿಲ್ಲ. ಅಳಿಸಿ ಅಳಿಸಿ ಕಾಗದ ತೂತಾಯಿತು. ಸೋಮವಾರ ತೋರಿಸಬೇಕಿತ್ತು. ಭಾನುವಾರ ಊಟ ಬಿಟ್ಟು ಕೂತಳು.

“ಅಪ್ಪನ ಹೆಗಲು ಮರ್ತೋತಮ್ಮ,” ಅಂದಳು.

ನನಗೆ ಆ ಮಾತೇ ಬೇಡವಾಗಿತ್ತು. ಯಾವುದಕ್ಕೂ ಮೈಯಲ್ಲಿ ತ್ರಾಣವಿಲ್ಲ ಈಗ. ಆದರೂ ಎದ್ದೆ. ಟ್ರಂಕಿನಿಂದ ಅವರ ಖಾಕಿ ಅಂಗಿ ತೆಗೆದು ಸೀರೆಯ ಮೇಲೆ ಹಾಕಿಕೊಂಡೆ. ಕಟ್ಟೆಯ ಮೇಲೆ ಅವರ ಹಾಗೇ ಕೂತು ಬಲ ಹೆಗಲು ಇಳಿಸಿದೆ. ಮೂಟೆ ಹೊತ್ತು ಇಳಿದ ಹೆಗಲು ಅದು. ಎಡಗೈ ಮೊಣಕಾಲ ಮೇಲಿಟ್ಟೆ.

“ಬರ್ಕೊ. ಬೇಗ ಮುಗ್ಸು, ಸೊಂಟ ನೋಯ್ತೈತೆ.”

ಅವಳು ಬರೆಯುತ್ತಾ ಅಳತೊಡಗಿದಳು.

“ಅಳಬ್ಯಾಡ. ಗೆರೆ ಓರೆ ಆಗ್ತೈತೆ.”

ಮುಗಿದ ಮೇಲೆ ನೋಡಿದೆ. ಮುಖ ಅವರದು. ಹೆಗಲೂ ಅವರದೇ. ಕುತ್ತಿಗೆ ಮಾತ್ರ ನನ್ನದು. ಅವರದು ಗಿಡ್ಡ. ಅವಳಿಗೂ ಗೊತ್ತಾಗಿತ್ತು. ರಬ್ಬರ್ ಹಿಡಿದು ನನ್ನನ್ನು ನೋಡಿದಳು.

“ಇರ್ಲಿ ಬಿಡು,” ಅಂದೆ.

ಸೋಮವಾರ ಅದನ್ನೇ ಒಯ್ದಳು. ಸಂಜೆ ಬಂದಾಗ ಕೇಳಿದೆ. ಹೆಗಲು ಯಾಕೆ ಒಂದು ಕಡೆ ಇಳಿದಿದೆ, ತಪ್ಪಾಗಿದೆಯಾ ಅಂತ ಮೇಷ್ಟ್ರು ಕೇಳಿದರಂತೆ.

“ನೀನೇನಂದೆ?”

“ತಪ್ಪಲ್ಲ ಸರ್, ನಮ್ಮಪ್ಪ ಇದ್ದಿದ್ದೇ ಹಂಗೆ ಅಂದೆ.”