ಜಿಗಿಗೊಂದು ಮುಟಗಿ

ನಮ್ಮ ಮನೆಯಲ್ಲಿ ಹಿಂಸೆ ಬೆಳಗಿನ ಜಾವಕ್ಕೇ ಆರಂಭವಾಗುತ್ತದೆ. ಬನಹಟ್ಟಿಯ ನಮ್ಮ ಓಣಿಯಲ್ಲಿ ಮಗ್ಗಗಳು ಖಟಖಟ ಶುರುಮಾಡುವ ಮೊದಲೇ ನನ್ನಾಕೆ ಜೋಳದ ಹಿಟ್ಟನ್ನು ಹೊಡೆಯತೊಡಗಿರುತ್ತಾಳೆ. ರೊಟ್ಟಿ ಬಡಿಯುವುದೆಂದರೆ ಬಡಿಯುವುದೇ. ಇದರಲ್ಲಿ ಅಲಂಕಾರವೇನೂ ಇಲ್ಲ. ಆವತ್ತು ಆಕೆಯ ಸಿಟ್ಟು ಯಾರ ಮೇಲಿದೆ ಎಂಬುದನ್ನು ನಾನು ಹಾಸಿಗೆಯಲ್ಲಿ ಮಲಗಿಯೇ ಅಂಗೈಯ ಸಪ್ಪಳದಿಂದ ನಿರ್ಣಯಿಸಬಲ್ಲೆ. ನಿರ್ಣಯ ಸಾಮಾನ್ಯವಾಗಿ ನನ್ನ ವಿರುದ್ಧವೇ ಆಗಿರುತ್ತದೆ.

ಮಗಳು ಇನ್ನೊಂದು ಬಗೆಯ ಹಿಂಸೆಗೆ ತನ್ನನ್ನು ಅರ್ಪಿಸಿಕೊಂಡವಳು. ಕುಸ್ತಿ ಆಡುತ್ತಾಳೆ. ಅವಳ ಎಡಗಿವಿ ಒಣಗಿದ ಅಂಜೂರದಂತೆ ಮುದುಡಿಕೊಂಡಿದೆ. ಕನ್ಯಾ ನೋಡಲು ಬಂದವರು ಆ ಕಿವಿಯನ್ನು ಕಂಡು ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದದ್ದುಂಟು. ಅವಳಿಗೆ ಅದರಿಂದ ದುಃಖವಾದಂತೆ ಕಾಣಲಿಲ್ಲ. ಉಳಿದ ಅವಲಕ್ಕಿಯನ್ನು ತಾನೇ ತಿಂದಳು.

ಆದರೆ ಈ ಸಲ ಮಳೆಗಾಲದಲ್ಲಿ ಅವಳು ತಿಂದದ್ದು ಮೈಗೆ ಹತ್ತದಾಯಿತು. ಹೊಟ್ಟೆ ನೋವು, ವಾಂತಿ, ಭೇದಿ. ಗರಡಿಮನೆಯ ವಸ್ತಾದರು ಪೈಲ್ವಾನರ ಶಾಸ್ತ್ರದಂತೆ ಹಾಲನ್ನು ಇಮ್ಮಡಿ ಮಾಡಿಸಿದರು. ತುಪ್ಪ ಹಚ್ಚಿದ ಚಪಾತಿಯನ್ನೂ ಹೆಚ್ಚಿಸಿದರು. ಅವಳು ಇನ್ನಷ್ಟು ಇಳಿದಳು. ಕೊನೆಗೆ ಮಿರಜಿನ ಡಾಕ್ಟರೊಬ್ಬರು ಪರೀಕ್ಷೆ ಮಾಡಿಸಿ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡರು.

"ಗೋದಿ ಪೂರಾ ಬಂದ್ ಮಾಡ್ರಿ. ಕರುಳಿಗೆ ಗಾಯ ಆಗ್ಯಾವ. ಅವು ಮಾಯೂ ತನಕಾ ಹಾಲೂ ಬ್ಯಾಡ, ತುಪ್ಪನೂ ಬ್ಯಾಡ."

"ಗೋದ್ಯಾಗ ಅಂಥಾದ್ದೇನೈತ್ರಿ?" ಎಂದೆ.

"ಗ್ಲುಟೆನ್ ಅಂತ. ಗೋದಿ ಹಿಟ್ಟು ನಾದಿದ್ರ ರಬ್ಬರಿನಂಗ ಎಳೀತೈತಲ್ರಿ, ಆ ಜಿಗಿ. ಅದು ಈಕಿಗೆ ವಿಷ."

ನನ್ನಾಕೆ ತಲೆಯಾಡಿಸಿ ಚಪಾತಿ, ಪೂರಿ, ಹೋಳಿಗೆ, ಶಿರಾ ಎಂದು ಆರೋಪಿಗಳನ್ನು ಒಬ್ಬೊಬ್ಬರಾಗಿ ಹಾಜರುಪಡಿಸಿದಳು. ಡಾಕ್ಟರು ಎಲ್ಲರಿಗೂ ಶಿಕ್ಷೆ ವಿಧಿಸಿದರು. ಕೊನೆಯಲ್ಲಿ ಆಕೆ ಅಳುಕುತ್ತ, "ಜ್ವಾಳದ ರೊಟ್ಟಿ?" ಎಂದಳು.

"ಬೇಕಾದಷ್ಟು ತಿನ್ಲಿ."

ದಾರಿಯುದ್ದಕ್ಕೂ ಆಕೆ ಬಸ್ಸಿನಲ್ಲಿ ಮೊಕದ್ದಮೆ ಗೆದ್ದವಳಂತೆ ಕುಳಿತಿದ್ದಳು. ರೊಟ್ಟಿ ನಿರ್ದೋಷಿ ಎಂದು ಸಾಬೀತಾಗಿತ್ತು.

ವಸ್ತಾದರಿಗೆ ಮಾತ್ರ ಇದು ಧರ್ಮಭ್ರಷ್ಟತೆ. ಅಖಾಡದ ಮಣ್ಣಿಗೇ ಎಣ್ಣೆ, ಅರಿಶಿಣದ ಜೊತೆ ಮಜ್ಜಿಗೆ ಹಾಕಿ ಹದಗೊಳಿಸುವ ಮನುಷ್ಯ. ಅವರ ಮಣ್ಣು ಕುಡಿಯುವುದನ್ನು ನಮ್ಮ ಮಗಳು ಕುಡಿಯುವಂತಿಲ್ಲ. ಅವರು ಮೀಸೆಯ ತುದಿಯನ್ನು ಬಹಳ ಹೊತ್ತು ತೀಡಿ ತೀರ್ಪು ಕೊಟ್ಟರು: "ಶೀಗಿ ಹುಣ್ಣಿಮಿ ಮರುದಿನ ಜಮಖಂಡ್ಯಾಗ ಕುಸ್ತಿ ಐತಿ, ಅಣ್ಣಾರ. ಸೀಟಿ ಊದೂ ತನಕಾ ಬೆನ್ನು ಮಣ್ಣಿಗೆ ಹತ್ತಲಾರದಂಗ ನಿಂತ್ಲು ಅಂದ್ರ ಗರಡ್ಯಾಗ ಇರ್ಲಿ. ಬಿದ್ಲು ಅಂದ್ರ ಮನ್ಯಾಗ ಇರ್ಲಿ. ಹಾಲು ಕುಡೀಲಾರದವ್ರನ್ನ ತಯಾರ ಮಾಡೂ ವಿದ್ಯಾ ನನಗ ಬರಂಗಿಲ್ಲ."

ಮಗಳು ಅಂದು ಸಂಜೆ ಹಿತ್ತಲಿನಲ್ಲಿ ಮರಳು ತುಂಬಿದ ಚೀಲವೊಂದನ್ನು ಅಪ್ಪಿ ಹಿಡಿದು ನೆಲಕ್ಕೆ ಅಪ್ಪಳಿಸುತ್ತಲೇ ಇದ್ದಳು, ಅದರ ಹೊಲಿಗೆ ಬಿಡುವ ತನಕ.

ಒಳಗೆ ಅವಳ ತಾಯಿ ಯುದ್ಧ ಸಾರಿದಳು. ಗೋದಿಯ ಚೀಲ ತವರಿಗೆ ಗಡೀಪಾರಾಯಿತು. ತುಪ್ಪದ ಭರಣಿ ನೆರೆಮನೆಗೆ ಶರಣಾಗತವಾಯಿತು. ನನ್ನ ಚಹಾ ಕರಿದಾಯಿತು. ಈ ಬಗ್ಗೆ ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಹೊಲಗಳಿಂದ ಹೊಸ ಶೇಂಗಾ ಬರುವ ಕಾಲ. ಆಕೆ ಅವನ್ನು ಹುರಿದು, ಸಿಪ್ಪೆ ಸುಲಿದು, ಮಹಾಲಿಂಗಪುರದ ಬೆಲ್ಲದ ಜೊತೆ ಒರಳಿಗೆ ಹಾಕಿ ಎಣ್ಣೆ ಬಿಡುವ ಮಟ್ಟಿಗೆ ಜಜ್ಜಿದಳು. ಎಳ್ಳು ಬಾಣಲೆಯಲ್ಲಿ ಚಟಪಟ ಸಿಡಿದು ಆಕೆಯ ಮುಂಗೈ ಸುಟ್ಟಿತು. ಆಕೆ ಅದನ್ನೂ ಜಜ್ಜಿದಳು. ಬಾದಾಮಿಯನ್ನು ನೀರಿನಲ್ಲಿ ಅರೆದು, ಅರಿವೆಯಲ್ಲಿ ಕಟ್ಟಿ, ಕತ್ತು ಹಿಸುಕಿದಂತೆ ಹಿಂಡಿ ಹಾಲು ತೆಗೆದಳು. ಪುಂಡಿಪಲ್ಯೆಗೆ ಬೆಳ್ಳುಳ್ಳಿಯ ಒಗ್ಗರಣೆ ಬಿದ್ದರೆ ಓಣಿಯ ನಾಯಿಗಳು ಎದ್ದು ಜಾಗ ಬದಲಿಸುತ್ತಿದ್ದವು. ಬದನೆಕಾಯಿಗಳ ಹೊಟ್ಟೆ ಸೀಳಿ ಗುರೆಳ್ಳಿನ ಪುಡಿ ತುಂಬುವಾಗ ಆಕೆಯ ಮುಖದಲ್ಲಿದ್ದ ಶಾಂತಿಯನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ.

ಮಗಳು ಚೇತರಿಸಿಕೊಂಡಳು. ಕೆನ್ನೆಗೆ ಮಾಂಸ ಬಂತು. ಗರಡಿಯಲ್ಲಿ ತನಗಿಂತ ಭಾರದವಳೊಬ್ಬಳನ್ನು ಹೆಗಲ ಮೇಲಿಂದ ಎತ್ತಿ ಒಗೆದಳೆಂಬ ಸುದ್ದಿ ಬಂತು. ನಾವು ಹಬ್ಬಕ್ಕೆ ಮೊದಲೇ ಹಬ್ಬ ಮಾಡಿದೆವು.

ಆಮೇಲೆ ನವರಾತ್ರಿ ಕಳೆಯುತ್ತಿದ್ದಂತೆ ಮತ್ತೆ ಶುರುವಾಯಿತು. ಬೆಳಗಿನ ವಾಂತಿ, ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗುವುದು, ಬಿಳಿಚಿದ ತುಟಿ. ಹುಣ್ಣಿಮೆಗೆ ಕೆಲವೇ ದಿನ ಉಳಿದಿದ್ದವು. ನನ್ನಾಕೆ ಎಲ್ಲವನ್ನೂ ತಿರುಗಿಸಿ ನೋಡಿದಳು. ತನ್ನ ಅಡುಗೆಮನೆಯಲ್ಲಿ ಗೋದಿಯಿಲ್ಲ, ಹಾಲಿಲ್ಲ. ಅಂದಮೇಲೆ ಶತ್ರು ಹೊರಗಿದ್ದಾನೆ.

"ಆ ಮೀಸಿ ಮನಷ್ಯಾನ ಕದ್ದು ಹಾಲು ಕುಡಸಾಕತ್ತಾನ್ರಿ," ಎಂದಳು. ಹೇಳುವಾಗ ಆಕೆಯ ಕೈಯಲ್ಲಿ ಲಟ್ಟಣಿಗೆ ಇತ್ತು. ಚಪಾತಿ ಬಂದಾದ ಮೇಲೆ ಪಾಪ ಅದಕ್ಕೂ ಉದ್ಯೋಗವಿರಲಿಲ್ಲ.

ನಾನು ಚಪ್ಪಲಿ ಹುಡುಕಿಕೊಳ್ಳುವಷ್ಟರಲ್ಲಿ ಆಕೆ ಗರಡಿಯ ಬಾಗಿಲಲ್ಲಿದ್ದಳು. ವಸ್ತಾದರು ಆಗತಾನೇ ಹಾಲಿನ ಕ್ಯಾನು ಇಳಿಸಿಕೊಂಡಿದ್ದರು.

"ನನ್ನ ಮಗಳಿಗೆ ಏನ್ ಕುಡಿಸಿದ್ರಿ?"

"ನೀರು, ವೈನಿ. ಬರೇ ನೀರು," ಎಂದರು ವಸ್ತಾದರು, ಅತ್ತಿಗೆಗೆ ಕೊಡುವ ಮರ್ಯಾದೆ ಬಿಡದೆ.

"ಸುಳ್ಳ ಹೇಳಬ್ಯಾಡ್ರಿ."

"ಬಜರಂಗಬಲಿ ಮುಂದ ನಿಂತು ಹೇಳತೀನಿ..."

ಲಟ್ಟಣಿಗೆ ಮೊದಲು ಕ್ಯಾನಿಗೆ ಬಿತ್ತು. ಕ್ಯಾನು ಉರುಳಿ, ಮುಚ್ಚಳ ಹಾರಿ, ಹಾಲೆಲ್ಲ ಕೆಂಪು ಮಣ್ಣಿನ ಮೇಲೆ ಹರಿಯಿತು. ಎರಡನೆಯ ಪೆಟ್ಟು ವಸ್ತಾದರ ಮುಂಗೈಗೆ. ಅರ್ಧ ಜಿಲ್ಲೆಯ ಪೈಲ್ವಾನರನ್ನು ಮಣ್ಣು ಮುಕ್ಕಿಸಿದ ಆ ಮನುಷ್ಯ ಹೆಂಗಸಿನ ಮೈಮುಟ್ಟಿ ತಡೆಯಲಾರದೆ, ಓಡಲೂ ಆಗದೆ, ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಕಂಬದಂತೆ ನಿಂತು ಪೆಟ್ಟು ತಿಂದರು. ಮೂರನೆಯದು ನಡುವೆ ಹೋದ ನನ್ನ ಹೆಗಲಿಗೆ ಬಿತ್ತು. ಅದು ಗುರಿ ತಪ್ಪಿದ್ದೆಂದು ನಾನು ಈವರೆಗೂ ನಂಬಿದ್ದೇನೆ.

ಮಾರನೆಯ ಬೆಳಿಗ್ಗೆ ಮಗಳು ಅಡುಗೆಮನೆಯ ಹೊಸ್ತಿಲ ಮೇಲೆ ಹೊಟ್ಟೆ ಒತ್ತಿಕೊಂಡು ಕುಳಿತಿದ್ದಳು. ನಾನು ಕರಿ ಚಹಾದ ಎದುರು ಇದ್ದೆ. ಒಳಗೆ ಜೋಳದ ಹಿಟ್ಟು ಪರಾತಕ್ಕೆ ಬಿತ್ತು. ಆಮೇಲೆ ಉಪ್ಪಿನ ಭರಣಿಯ ಹಿಂದಿನಿಂದ ಸಣ್ಣದೊಂದು ಡಬ್ಬಿಯ ಮುಚ್ಚಳದ ಸದ್ದಾಯಿತು.

"ಅದೇನಬೇ, ಅವ್ವಾ?"

"ಯಾವುದು?"

"ಈಗ ಆ ಡಬ್ಬ್ಯಾಗಿಂದ ಹಾಕಿದೆಲ್ಲ."

"ಏನಿಲ್ಲ ತಗೋ. ಜಿಗಿಗೊಂದು ಮುಟಗಿ."

"ಏನರದು ಮುಟಗಿ?"

'ಗೋ' ಎಂಬ ಅಕ್ಷರ ಆಕೆಯ ಬಾಯಿಂದ ಹೊರಬಂತು. ಉಳಿದ ಅಕ್ಷರ ಬರಲಿಲ್ಲ.

ರೊಟ್ಟಿ ಬಡಿಯುವ ಮನೆಗಳವರಿಗೆ ಇದು ಗೊತ್ತು. ಬೇಸಿಗೆಗೆ ಕಣದಿಂದ ಬಂದ ಜೋಳ ಮಳೆಗಾಲ ದಾಟುವಷ್ಟರಲ್ಲಿ ಮುದಿಯಾಗುತ್ತದೆ, ಜಿಗಿ ಸಾಯುತ್ತದೆ. ಬಡಿದರೆ ರೊಟ್ಟಿಯ ಅಂಚು ಬಿರಿಯುತ್ತದೆ, ಎತ್ತಿದರೆ ನಡುವೆ ಹರಿಯುತ್ತದೆ. ಹರಿದ ರೊಟ್ಟಿ ಹಾಕಿದವಳನ್ನು ಕುರಿತು ನಮ್ಮ ಕಡೆ ಮೂರು ಓಣಿಯಾಚೆಯೂ ಮಾತಾಗುತ್ತದೆ. ಹಾಗಾಗಿ ನವರಾತ್ರಿ ಬಂತೆಂದರೆ ಹೆಂಗಸರ ಕೈ ತಾನಾಗಿ ಒಂದು ಮುಟಗಿ, ಅಂದರೆ ಒಂದು ಹಿಡಿ, ಗೋದಿ ಹಿಟ್ಟನ್ನು ಬೆರೆಸುತ್ತದೆ. ಆಕೆಯ ತಾಯಿ ಬೆರೆಸಿದ್ದಳು, ಅತ್ತೆಯೂ ಬೆರೆಸಿದ್ದಳು. ಗೋದಿಯ ಚೀಲ ತವರಿಗೆ ಹೋದಾಗ ಆ ಡಬ್ಬಿ ಹೋಗಲಿಲ್ಲ, ಏಕೆಂದರೆ ಆಕೆಯ ಲೆಕ್ಕದಲ್ಲಿ ಅದು ಗೋದಿಯೇ ಅಲ್ಲ. ಅದು ಜಿಗಿ. ಡಾಕ್ಟರು ವಿಷವೆಂದು ಹೆಸರು ಹಿಡಿದು ಹೇಳಿದ್ದೂ ಅದನ್ನೇ. ತಲೆಯಾಡಿಸಿದವರಲ್ಲಿ ನಾನೂ ಇದ್ದೆ.

ಡಬ್ಬಿ ನನ್ನ ಕಿವಿಯ ಪಕ್ಕದಿಂದ ಹಾರಿ ಅಂಗಳದ ಕಲ್ಲಿಗೆ ಬಡಿದು ನೆಗ್ಗಿತು. ಹಿಟ್ಟು ನನ್ನ ಸ್ಕೂಟರಿನ ಮೇಲೆಲ್ಲ ಬೆಳ್ಳಗೆ ಕುಳಿತಿತು. ಅಲ್ಲಿಗೆ ಮುಗಿಯಲಿಲ್ಲ. ಆಕೆ ಬಲಗೈಯನ್ನು ಮುಷ್ಟಿ ಬಿಗಿದು ಒರಳುಕಲ್ಲಿಗೆ ಗುದ್ದಿದಳು. ಮತ್ತೆ ಗುದ್ದಿದಳು. ಗೆಣ್ಣುಗಳಿಂದ ರಕ್ತ ಬಂತು. ಮಗಳು ಎದ್ದು ಹೋಗಿ ತಾಯಿಯ ಮಣಿಕಟ್ಟನ್ನು ಹಿಡಿದು ತಿರುಗಿಸಿ ಬೆನ್ನಿಗೆ ಒತ್ತಿದಳು. ಗರಡಿಯ ಪಟ್ಟು.

"ಬಿಡ ನನ್ನ."

"ಬಿಡಂಗಿಲ್ಲ."

"ನನ್ನ ಕೈಯಾರೆ ನಿನಗ..."

"ಕೈ ಮುರಕೊಂಡ್ರ ನಾಳೆ ನನಗ ರೊಟ್ಟಿ ಯಾರ ಬಡೀಬೇಕು? ಅಪ್ಪಾ ಏನು?"

ಈ ಪ್ರಶ್ನೆಯಲ್ಲಿದ್ದ ಅಪಾಯ ತಾಯಿಗೂ ತಟ್ಟಿರಬೇಕು. ಕೈ ಸಡಿಲವಾಯಿತು.

ಮರುದಿನದಿಂದ ಆಕೆ ಕುದಿಯುವ ಎಸರನ್ನೇ ಹಿಟ್ಟಿಗೆ ಸುರಿದು, ಬಟ್ಟೆ ಸುತ್ತಿದ ಕೈಯಿಂದ ನಾದಿ ಬಡಿದಳು. ಆದರೂ ರೊಟ್ಟಿ ಹರಿಯಿತು. ಮೊದಲ ದಿನ ಹರಿದದ್ದನ್ನು ಸೆರಗಿನ ಮರೆಯಲ್ಲಿ ತಂದು ಮಗಳ ತಾಟಿಗೆ ಹಾಕಿದಳು. ಆಮೇಲೆ ಬಿಸಿ ಚೂರುಗಳನ್ನು ಬೆಳ್ಳುಳ್ಳಿ, ಜೀರಿಗೆ, ಖಾರ, ಶೇಂಗಾ ಎಣ್ಣೆಯ ಜೊತೆ ಒರಳಲ್ಲಿ ಕುಟ್ಟಿ, ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿದಳು. ಇದಕ್ಕೂ ನಮ್ಮಲ್ಲಿ ಮುಟಗಿ ಎಂದೇ ಹೆಸರು. ಮಗಳು ಅದನ್ನು ತಿಂದಳು, ಮರುದಿನವೂ ತಿಂದಳು, ಮತ್ತು ಅದು ಒಳಗೇ ಉಳಿಯಿತು.

ಜಮಖಂಡಿಯ ಕಣದಲ್ಲಿ ಎದುರಾಳಿ ಚಿಕ್ಕಪಡಸಲಗಿಯ ಕಡೆಯವಳು. ಎಮ್ಮೆ ಹಾಲಿನ ಮೇಲೆ ಬೆಳೆದದ್ದು ಅವಳ ಕತ್ತು ನೋಡಿದರೇ ತಿಳಿಯುತ್ತಿತ್ತು. ಹಲಗೆ ಬಾರಿಸಿದ್ದೇ ಅವಳು ನಮ್ಮ ಮಗಳ ತಲೆಯನ್ನು ಕಂಕುಳಲ್ಲಿ ಸಿಕ್ಕಿಸಿ ಮಣ್ಣಿಗೆ ತಿಕ್ಕಿದಳು. ಹುಬ್ಬು ಒಡೆದು ರಕ್ತ ಕಣ್ಣಿಗೆ ಇಳಿಯಿತು. ಎತ್ತಿ ಒಗೆದರೆ ನಮ್ಮವಳು ಮಗುಚಿ ಹೊಟ್ಟೆಯ ಮೇಲೆ ಬಿದ್ದಳು, ಬೆನ್ನು ಕೊಡಲಿಲ್ಲ. ಇನ್ನೊಮ್ಮೆ ಒಗೆದರೆ ಮೊಣಕೈ ಊರಿದಳು. ನನ್ನಾಕೆ ಬಟ್ಟೆ ಸುತ್ತಿದ ಕೈಯಿಂದ ನನ್ನ ತೊಡೆಯನ್ನು ಹಿಂಡುತ್ತಿದ್ದಳು. ಎದುರಾಳಿಯ ಉಸಿರು ಕೊನೆಗೆ ಗೊರಗೊರ ಅನ್ನತೊಡಗಿದಾಗ ಮಗಳು ಅವಳ ಕಾಲಿಗೆ ಜಿಗಣೆಯಂತೆ ಅಂಟಿಕೊಂಡಳು. ಗುದ್ದಿದರೂ ಬಿಡಲಿಲ್ಲ, ಒದ್ದರೂ ಬಿಡಲಿಲ್ಲ. ಸೀಟಿ ಊದಿದರು. ಕುಸ್ತಿ ಬರಾಬರಿ ಎಂದರು. ನಮ್ಮ ಮಗಳ ಬೆನ್ನಿಗೆ ಮಣ್ಣಿರಲಿಲ್ಲ.

ವಸ್ತಾದರು ಅವಳ ಬೆನ್ನನ್ನು ಕೈಯಿಂದ ಸವರಿ, ಅಂಗೈ ತಿರುಗಿಸಿ ನೋಡಿಕೊಂಡರು. "ನಾಳೆ ನಸುಕಿನ್ಯಾಗ ಬಾ," ಎಂದರು. "ತಡ ಮಾಡಬ್ಯಾಡ."

ರಾತ್ರಿ ಊಟಕ್ಕೆ ಅವರನ್ನು ನಮ್ಮ ಮನೆಗೆ ಕರೆದೆವು. ಮುಂಗೈಯ ಬಾವು ಇನ್ನೂ ಇಳಿದಿರಲಿಲ್ಲ. ನನ್ನಾಕೆ ಕ್ಷಮೆ ಕೇಳಲಿಲ್ಲ. ಬದನೆಕಾಯಿಯನ್ನು ಎರಡೆರಡು ಸಲ ಬಡಿಸಿದಳು. ಆಮೇಲೆ ಮರೆ ಮಾಡದೆ, ಸೆರಗು ಸರಿಸದೆ, ನಡುವೆ ಸೀಳಿದ ರೊಟ್ಟಿಯನ್ನು ತಾಟಿಗೆ ಹಾಕಿದಳು.

ವಸ್ತಾದರು ಅದನ್ನು ಎತ್ತಿ ದೀಪಕ್ಕೆ ಹಿಡಿದರು. "ವೈನಿ, ರೊಟ್ಟಿ ಹರದೈತಲ್ರಿ."

"ಹರೀಲಿ," ಎಂದಳು. "ನೀವೇನ್ ಇಡೀದನ್ನ ನುಂಗವ್ರಿದ್ರೇನು?"

ಅವರು ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿ ಊಟ ಮಾಡಿದೆ. ಮೂಲೆಯಲ್ಲಿ ಲಟ್ಟಣಿಗೆ ಒರಗಿಸಿಟ್ಟಿತ್ತು. ಅದನ್ನು ಅವರೂ ಕಂಡರು. ರೊಟ್ಟಿಯನ್ನು ಹರಿದಲ್ಲಿಂದಲೇ ಹರಿದುಕೊಂಡು ತಿಂದರು, ಇನ್ನೊಂದನ್ನೂ ಕೇಳಿ ಹಾಕಿಸಿಕೊಂಡರು.