ಅತ್ತೆಯ ಕಾಲಿನ ಇರುವೆಗಳು

ಮದುವೆಯಾದ ಮೇಲೆ ಎಷ್ಟೋ ವರ್ಷ ನಾನು ನಮ್ಮತ್ತೆಯನ್ನು ಕಂಡದ್ದು ಬರೀ ಎರಡು ಪಾದಗಳಾಗಿ. ಅಳಿಯನ ಎದುರಿಗೆ ಅತ್ತೆ ಬರಬಾರದು, ನೇರ ಮಾತಾಡಬಾರದು ಎಂಬುದು ಅವರ ಕಡೆಯ ಪದ್ಧತಿ. ಗುಮ್ಮಳಾಪುರದಿಂದ ಮತ್ತಿಗಿರಿಯ ನಮ್ಮ ಬಾಡಿಗೆ ಮನೆಗೆ ಬಂದರೆ ಅಡುಗೆಮನೆ ಬಾಗಿಲ ಮರೆಯಲ್ಲೇ ಕೂರುವರು. ಹೊಸಿಲಾಚೆ ಚಾಚಿದ ಪಾದಗಳಷ್ಟೇ ನನ್ನ ಪಾಲಿಗೆ: ಸವೆದ ಕಾಲುಂಗುರ, ಹಿಮ್ಮಡಿಯಲ್ಲಿ ಹೊಲದ ಕೆಮ್ಮಣ್ಣು. ಅವು ಒಂದು ಗಳಿಗೆ ಸುಮ್ಮನಿದ್ದದ್ದಿಲ್ಲ. ರಾಗಿ ಬೀಸುವ ಹಾಗೆ ಸುತ್ತುತ್ತಿದ್ದವು, ಒಂದನ್ನೊಂದು ಉಜ್ಜುತ್ತಿದ್ದವು.

ಸಂಜೆಯಾದರೆ ಇನ್ನೂ ಜೋರು. "ಮೂಳೆ ಒಳಗೆ ಇರುವೆ ಸಾಲು ಹೋಯ್ತದೆ ಕಣಮ್ಮಿ" ಎಂದು ಮಗಳಿಗೆ ಹೇಳಿ, ಎದ್ದು ಅಂಗಳ ಸುತ್ತುವರು. ಮಲಗಿದರೂ ಅದೇ ಕಾಟ. ಅವರು ನೆಟ್ಟಗೆ ನಿದ್ದೆ ಮಾಡಿ ವರ್ಷಗಳಾಗಿದ್ದವು.

ನನ್ನ ಹೆಂಡತಿ ಹೊಸೂರಿಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಮೈಯಲ್ಲಿ ಕಬ್ಬಿಣಾಂಶದ ದಾಸ್ತಾನು ತೀರಿದೆ, ಅದಕ್ಕೇ ಕಾಲು ಹೀಗಿರಬಹುದು ಅಂದರಂತೆ. ದಿನಕ್ಕೊಂದು ಮಾತ್ರೆ, ಕಾಫಿ ಟೀ ಜೊತೆ ಬೇಡ. ಹೊಟ್ಟೆ ಕಟ್ಟಬಹುದು. ಜಾಸ್ತಿ ನುಂಗಿದರೆ ಲಿವರಿಗೇ ಏಟು.

"ಅಳಿಯಂದ್ರನ್ನ ಕೇಳಮ್ಮಿ, ನುಂಗ್ಲಾ ಬ್ಯಾಡ್ವಾ ಅಂತ" ಎಂದಿತು ಬಾಗಿಲು.

"ನುಂಗ್ಲಾ ಬ್ಯಾಡ್ವಾ ಅಂತೆ" ಎಂದಳು ಹೆಂಡತಿ.

"ಮಿಷನ್‌ಗೆ ಆಯಿಲ್ ಕಮ್ಮಿಯಾದ್ರೆ ಹಾಕ್ಲೇಬೇಕು ಅನ್ನು" ಅಂದೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು, ಆದರೂ ಫ್ಯಾಕ್ಟರಿಯಲ್ಲಿ ನನ್ನ ಮಿಷನ್ ಒಂದು ದಿನವೂ ಕೆಟ್ಟು ನಿಂತದ್ದಿಲ್ಲ.

"ಜಾಸ್ತಿಯಾದ್ರೆ ಅಂತ ಕೇಳು."

"ಸೀಲ್ ಕಿತ್ಕೊಂಡು ಸೋರ್ತದೆ ಅನ್ನು."

"ಇಬ್ರಿಗೂ ಕೇಳಿಸ್ತಾ ಐತೆ, ಮಧ್ಯದಲ್ಲಿ ನಾನ್ಯಾಕೆ?" ಎಂದು ಹೆಂಡತಿ ಸೌಟು ಕುಕ್ಕಿದಳು.

ಒಂದೆರಡು ತಿಂಗಳಲ್ಲಿ ಪಾದಗಳು ನಿಂತವು. ಅತ್ತೆ ಗೊರಕೆ ಹೊಡೆಯುವುದನ್ನು ಕೇಳಿ ಮನೆಯವರೆಲ್ಲ ಖುಷಿಪಟ್ಟೆವು. ಆದರೆ ಹೊಟ್ಟೆ ಬೀಗ ಹಾಕಿಕೊಂಡಿದೆ ಎಂದು ಹೆಂಡತಿ ಕಿವಿಯಲ್ಲಿ ಹೇಳಿದಳು.

ಮತ್ತೆ ತೋರಿಸಬೇಕಾದ ದಿನ ನಮ್ಮ ಮಗುವಿಗೆ ಜ್ವರ, ಹೆಂಡತಿ ಮನೆ ಬಿಡುವ ಹಾಗಿರಲಿಲ್ಲ. ಅತ್ತೆಯನ್ನು ನಾನೇ ಕರೆದೊಯ್ಯಬೇಕಾಯಿತು. ಡಾಕ್ಟರಮ್ಮನಿಗೆ ತಮಿಳು ಬಿಟ್ಟು ಬೇರೆ ಬಾರದು. ಅತ್ತೆಗೆ ತಮಿಳು ಅಷ್ಟಕ್ಕಷ್ಟೆ. ಮಧ್ಯದಲ್ಲಿ ನಾನು, ನೇರ ಮಾತಾಡುವ ಹಾಗಿಲ್ಲ. ಮೂಲೆಯಲ್ಲಿ ತೂಕ ನೋಡುವ ಮಿಷನ್ ಇತ್ತು. ಅದರ ಕಡೆ ತಿರುಗಿ, ಅದಕ್ಕೆ ಹೇಳಿದೆ: "ಹೊಟ್ಟೆ ಹೆಂಗೈತೆ ಅಂತ ಕೇಳ್ತಾವ್ರೆ."

ಸೆರಗು ಮುಖದ ಮೇಲೆಳೆದುಕೊಂಡು ಅತ್ತೆಯೂ ಅದಕ್ಕೇ ಉತ್ತರ ಕೊಟ್ಟರು: "ಹೂವಿನಂಗೈತೆ ಅಂತ ಹೇಳು."

"ಯಾರ್‌ಕಿಟ್ಟ ಪೇಸುರೀಂಗ?" ಯಾರ ಹತ್ತಿರ ಮಾತಾಡ್ತಿದ್ದೀರಿ ಎಂದು ಡಾಕ್ಟರಮ್ಮ ಬಗ್ಗಿ ಮೂಲೆ ನೋಡಿದರು. ಆಮೇಲೆ ಪೆನ್ನು ಎತ್ತಿಕೊಂಡು, ಕಾಲು ಇಷ್ಟು ಬೇಗ ನಿಂತವಾ, ದಿನಕ್ಕೆ ಒಂದೇ ತಾನೆ ನುಂಗುವುದು ಎಂದರು. ಅದನ್ನೂ ಮಿಷನ್‌ಗೆ ಹೇಳಿದೆ.

ಕೆಳಗೆ ನೋಡಿದರೆ, ನಿಂತಿದ್ದ ಪಾದಗಳು ಮತ್ತೆ ರಾಗಿ ಬೀಸತೊಡಗಿದ್ದವು.

ಅತ್ತೆ ಸೆರಗು ಸರಿಸಿ ನನ್ನನ್ನೇ ನೋಡಿದರು. "ಅಳಿಯಂದ್ರೆ, ಎರಡೆರಡು ನುಂಗ್ತಾ ಇವ್ನಿ ಅಂತ ಹೇಳ್ಬುಡಿ. ಒಂದಕ್ಕೇ ಅರ್ಧ ಇರುವೆ ಹೋದ್ವಲ್ಲ, ಎರಡಕ್ಕೆ ಗೂಡೇ ಖಾಲಿಯಾಗ್ಲಿ ಅಂತ. ಹೊಟ್ಟೆ ಕಲ್ಲಾಗೈತೆ. ಆದ್ರೆ ನಿಲ್ಲಿಸ್ಬ್ಯಾಡಿ ಅನ್ನಿ, ನಿಮ್ ಕಾಲು ಹಿಡ್ಕೊತೀನಿ. ಈಗಿನ್ನೂ ನಿದ್ದೆ ಕಂಡಿವ್ನಿ."

ಆ ಮುಖವನ್ನು ನಾನು ಸರಿಯಾಗಿ ಕಂಡದ್ದು ಅವತ್ತೇ. ನನ್ನ ಹೆಂಡತಿಯದೇ ಕಣ್ಣು.

ಡಾಕ್ಟರಮ್ಮ ಬೈದರು, ಆದರೆ ನಿಲ್ಲಿಸಲಿಲ್ಲ. ಒಂದೇ ಮಾತ್ರೆ, ಊಟವಾದ ಮೇಲೆ. ಜೊತೆಗೆ ಪರಂಗಿಹಣ್ಣು, ನೀರು. ಮತ್ತೆ ರಕ್ತ ಪರೀಕ್ಷೆ, ದಾಸ್ತಾನು ತುಂಬಿದರೆ ಅದೂ ಬಂದ್. ಹೊಟ್ಟೆ ಸಡಿಲವಾಯಿತು, ಕಾಲಿಗೆ ಮಾತ್ರ ಒಂದಷ್ಟು ಇರುವೆ ವಾಪಸು ಬಂದವು. "ಇರ್ಲಿ ಬುಡಿ ಅಳಿಯಂದ್ರೆ, ಜೊತೆಗಿರ್ತವೆ" ಅಂದರು.

ಒಮ್ಮೆ ಬಾಯಿ ಬಿಟ್ಟ ಮೇಲೆ ಅವರು ಮುಚ್ಚಲಿಲ್ಲ. ನಾನು ತಿನ್ನುವ ಉಪ್ಪಿಗೆ ಬೈಗುಳ, ಬಿಡದ ಬೀಡಿಗೆ ಬೈಗುಳ. ವಾರವೆಲ್ಲ ಡಬಲ್ ಶಿಫ್ಟ್ ಎಂದು ನಾನು ಎದೆಯುಬ್ಬಿಸಿದಾಗ ಅಂದರು: "ಬ್ಯಾಡಿ. ಎರಡು ನುಂಗಿದೋಳ ಮಾತು ಕೇಳಿ." ಮೇಸ್ತ್ರಿ, ಮ್ಯಾನೇಜರು ಯಾರ ಮಾತಿಗೂ ಬಗ್ಗದ ನಾನು ಅದಕ್ಕೆ ಬಗ್ಗಿದೆ. ಇವತ್ತು ಗಟ್ಟಿಯಾಗಿ ನಿಂತಿದ್ದರೆ ಅದರಿಂದಲೇ.

ವಯಸ್ಸಾಗಿ, ನಮ್ಮ ಮನೆಯಲ್ಲೇ ತೀರಿಹೋದರು. ಕೊನೆಗೆ ಪಾದ ಮುಟ್ಟಿ ನಮಸ್ಕಾರ ಮಾಡಲು ಬಗ್ಗಿದವನು ಕೈ ತೆಗೆಯದೆ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಒಂದೇ ಒಂದು ಇರುವೆಯಾದರೂ ಹರಿಯಲಿ ಅನ್ನಿಸಿತು.